ಗೇರಿನ ಬುಡದ ಬಟ್ಟಲು

ಹೆಬ್ಬೆರಳು ಬಿಚ್ಚಿಯಾಗಿತ್ತು, ತೋರುಬೆರಳೂ ಬಿಚ್ಚಿಯಾಗಿತ್ತು. ನಡುಬೆರಳು ಮಾತ್ರ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಅವಳು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗಂಡನ ಮುಷ್ಟಿಗೆ ಮತ್ತೊಮ್ಮೆ ಸುತ್ತಿದಳು. ಸ್ವಲ್ಪ ಹೊತ್ತು ಬಿಟ್ಟು, ಚಮಚದ ಹಿಡಿಯನ್ನು ಬೆರಳಿನ ಸಂದಿಗೆ ತೂರಿಸಿ ಮೆಲ್ಲಗೆ ಮೀಟಿದಳು.

"ಸಾಕು ಬಿಡಮ್ಮ," ಅಂದಳು ನೀರಿನ ಬೋಗುಣಿ ಹಿಡಿದು ನಿಂತಿದ್ದ ಮಗಳು. "ಮೇಲೆ ಬಟ್ಟೆ ಹೊದಿಸ್ತೀವಲ್ಲ. ಕೈನ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

ನೋಡುವುದಕ್ಕೆ ಏನಿತ್ತು? ಗ್ರೀಸು. ಉಗುರಿನೊಳಗೆ, ಗೆಣ್ಣಿನ ಗೆರೆಗಳಲ್ಲಿ, ಅಂಗೈಯ ಬಿರುಕುಗಳಲ್ಲಿ ಗ್ರೀಸು. ಕಾರು ಮನೆಗೆ ಬಂದಾಗಿನಿಂದ ಆ ಕೈ ಅವಳ ಪಾಲಿಗೆ ಬಂದದ್ದೆಲ್ಲ ಹೀಗೇ. ತಟ್ಟೆಗೆ, ಲೋಟಕ್ಕೆ, ದಿಂಬಿಗೆ, ಬಾಗಿಲಿನ ಚಿಲಕಕ್ಕೆ, ಎಲ್ಲಕ್ಕೂ ಆ ಕಪ್ಪು ಮೆತ್ತಿಕೊಂಡಿತ್ತು. ಇವತ್ತೊಂದು ದಿನವಾದರೂ ಈ ಮನುಷ್ಯ ಚೊಕ್ಕಟವಾಗಿ ಮನೆಯಿಂದ ಹೊರಡಲಿ ಎಂದು ಅವಳು ಬೆಳಗಿನಿಂದ ತಿಕ್ಕುತ್ತಿದ್ದಳು. ಸೋಪು ಸವೆಯಿತೇ ಹೊರತು ಗ್ರೀಸು ಹೋಗಲಿಲ್ಲ.

ಮಗಳು ನೀರು ಬದಲಾಯಿಸಲು ಆಚೆ ಹೋದಾಗ ನಡುಬೆರಳು ಬಿಟ್ಟಿತು. ಅದರ ಹಿಂದೆಯೇ ಏನೋ ಒಂದು ಜಾರಿ ಅವಳ ಮಡಿಲಿಗೆ ಬಿತ್ತು. ಎತ್ತಿ ನೋಡಿದಳು. ಕಣ್ಣು ಮುಚ್ಚಿಕೊಂಡು ಮುಟ್ಟಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ಅದು ಬಟ್ಟಲು.

ಬಟ್ಟಲು ಅಂದರೆ ಊಟದ ಬಟ್ಟಲಲ್ಲ. ಬೆರಳ ತುದಿಗೆ ಟೋಪಿ ಹಾಕಿದರೆ ಕೂರುವಷ್ಟು ಉಕ್ಕಿನ ಚೂರು. ಕಾರಿನ ಗೇರು ಹಾಕುವ ಕಡ್ಡಿಯ ಬುಡದಲ್ಲಿ ಕೂರುತ್ತದೆ. ಅಂಚಿನಲ್ಲಿ ಒಂದು ಕಡೆ ಕಚ್ಚು ಇದೆ. ಆ ಕಚ್ಚು ಒಳಗಿನ ಮೊಳೆಗೆ ಸರಿಯಾಗಿ ಕೂತರೆ ಗೇರು ಬೀಳುತ್ತದೆ, ಇಲ್ಲವಾದರೆ ಕಡ್ಡಿ ಕುಡುಕನ ಹಾಗೆ ಎಲ್ಲ ಕಡೆ ತೂರಾಡುತ್ತದೆ. ಒಂದು ಕೈಯಲ್ಲಿ ಸ್ಪ್ರಿಂಗು ಅದುಮಬೇಕು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿಯಬೇಕು, ಮೂರನೆಯ ಕೈಯಲ್ಲಿ ಮುಚ್ಚಳ ತಿರುಗಿಸಬೇಕು. ದೇವರು ಕೊಟ್ಟದ್ದು ಎರಡೇ ಕೈ. ಹಾಗಾಗಿ ಸ್ಪ್ರಿಂಗು ಚಿಮ್ಮುತ್ತದೆ, ಬಟ್ಟಲು ಹಾರಿಹೋಗುತ್ತದೆ, ಸಂಸಾರಸ್ಥ ಗಂಡಸು ಮಂಡಿಯೂರಿ ನೆಲ ತಡವುತ್ತಾ ಭಾನುವಾರ ಕಳೆಯುತ್ತಾನೆ.

ಸಾಯುವಾಗಲೂ ಇದನ್ನೇ ಹಿಡಿದುಕೊಂಡಿದ್ದನಲ್ಲ ಎಂದುಕೊಂಡಳು. ಅಳು ಬಂದಿದ್ದರೆ ಒಳ್ಳೆಯದಿತ್ತು. ಬಂದದ್ದು ಹೇಸಿಗೆ.

ಅಷ್ಟರಲ್ಲಿ ಬಾಗಿಲಲ್ಲಿ ಹಾರನ್ ಕಾಣಿಸಿಕೊಂಡ. ಗಂಡನ ಸ್ನೇಹಿತ, ಗಂಟಲು ದೊಡ್ಡದಾದ್ದರಿಂದ ಆ ಹೆಸರು. ಬಿಳಿ ಅಂಗಿ ತೊಟ್ಟು ಬಂದಿದ್ದ, ಆದರೆ ಎರಡೂ ಮಂಡಿಯ ಮೇಲೆ ಆಗಲೇ ಎಣ್ಣೆಯ ವೃತ್ತ ಮೂಡಿತ್ತು. ಹೆಣದ ಕಡೆ ಒಂದು ಸಲ ನೋಡಿ, ತಲೆ ತಗ್ಗಿಸಿ, ತಗ್ಗಿಸಿದ ತಲೆಯಲ್ಲೇ ಕೇಳಿದ.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಗೇರಿನ ಬಟ್ಟಲು ಎಲ್ಲಾದ್ರೂ ನೋಡಿದ್ರಾ? ಶೆಡ್ಡೆಲ್ಲ ಜಾಲಾಡಿದ್ವಿ."

ಅವಳು ಬಟ್ಟಲಿದ್ದ ಕೈಯನ್ನು ಮುಚ್ಚಿದಳು. ಇಲ್ಲ ಅಂದಳು.

ಆಮೇಲೆ ವಿಷಯ ತಿಳಿಯಿತು. ಅವಳು ಬೆಳಗ್ಗೆಯೇ ಮಗಳ ಕೈಲಿ ಹೇಳಿಸಿ ಶವದ ವ್ಯಾನು ಗೊತ್ತು ಮಾಡಿದ್ದಳು. ಹಾರನ್, ಲೇತ್ ಅಂಗಡಿ ಇಟ್ಟು ಲೋಹ ಕೊಯ್ಯುವ ಲೇತಿನವನು, ನಿವೃತ್ತ ಪೋಸ್ಟ್‌ಮಾಸ್ಟರು, ಭಾನುವಾರವೆಲ್ಲ ಶೆಡ್ಡಿನಲ್ಲೇ ಕಳೆಯುವ ಈ ಮೂವರು ಗೇಟಿನ ಹತ್ತಿರವೇ ಮಾತಾಡಿಕೊಂಡು ವ್ಯಾನಿನವನನ್ನು ವಾಪಸು ಕಳಿಸಿಬಿಟ್ಟಿದ್ದರು. ತಮ್ಮ ಗೆಳೆಯ ಹೋಗುವುದಾದರೆ ತನ್ನ ಗಾಡಿಯಲ್ಲೇ ಹೋಗಬೇಕು, ಬಾಡಿಗೆ ವ್ಯಾನಿನಲ್ಲಿ ಹೋದರೆ ಅವನ ಜೀವಕ್ಕೆ ಶಾಂತಿ ಸಿಗುವುದಿಲ್ಲ ಎನ್ನುವುದು ಅವರ ತೀರ್ಮಾನ. ಅವಳನ್ನು ಒಂದು ಮಾತು ಕೇಳಬೇಕು ಎಂದು ಮೂವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

"ಅಪ್ಪನಿಗೂ ಅದೇ ಇಷ್ಟ ಇತ್ತಲ್ವಾ ಅಮ್ಮ," ಎಂದಳು ಮಗಳು, ಹೊಸ ನೀರು ತಂದಿಟ್ಟು. "ಒಂದಿನದ್ದು ತಾನೇ. ಹೋಗ್ಲಿ ಬಿಡು."

ಹೋಗಲಿ ಬಿಡು, ಹೋಗಲಿ ಬಿಡು. ಅವಳ ಇಡೀ ಸಂಸಾರ ನಡೆದದ್ದೇ ಆ ಎರಡು ಮಾತಿನ ಮೇಲೆ. ಇವತ್ತು ಅವಳಿಗೆ ಬೇಕಿದ್ದದ್ದು ಒಂದೇ. ಗಂಡ ಆ ಕಾರಿಲ್ಲದೆ ಈ ಮನೆಯಿಂದ ಹೊರಡಬೇಕು. ಬದುಕಿದ್ದಾಗ ಆಗಲಿಲ್ಲ. ಸತ್ತ ಮೇಲಾದರೂ, ನಡುವೆ ಆ ತಗಡಿನ ಸವತಿ ಇಲ್ಲದೆ, ವ್ಯಾನಿನ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂತು ಸ್ಮಶಾನದವರೆಗೆ ಹೋಗಬೇಕು. ಬಟ್ಟಲು ಸಿಗದಿದ್ದರೆ ಕಾರು ಕದಲುವುದಿಲ್ಲ. ಕಾರು ಕದಲದಿದ್ದರೆ ವ್ಯಾನು ಬಂದೇ ಬರಬೇಕು. ಅವಳು ಮುಷ್ಟಿ ಬಿಗಿ ಮಾಡಿ ಗಂಡನ ತಲೆಯ ಬಳಿ ಕೂತಳು.

*

ಕಾರು ಮನೆಗೆ ಬಂದದ್ದೇ ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು. ಅವನು ನೀರಿನ ಕಚೇರಿಯಲ್ಲಿ ಮೀಟರು ಓದುವ ಕೆಲಸದವನು. ದಿನವಿಡೀ ಸೈಕಲ್ಲು ತುಳಿದು, ಕಂಡವರ ಗೇಟಿನ ಬಳಿ ಬಗ್ಗಿ, ಮುಚ್ಚಳ ಎತ್ತಿ ನಂಬರು ನೋಡಿ ಬರೆದುಕೊಂಡು ಬರುತ್ತಿದ್ದ. ಹಾಗೆ ಓದಲು ಹೋದ ಒಂದು ಬಂಗಲೆಯ ಹಿತ್ತಲಲ್ಲಿ ಅದು ಬಿದ್ದಿತ್ತಂತೆ. ಹಳೆಯ ಕಾಲದ ಉದ್ದ ವ್ಯಾಗನ್ನು. ಮುಂದೆ ದುಂಡನೆಯ ಎರಡು ದೀಪ, ಹಿಂದೆ ಒಂದು ಸಂಸಾರ ಕಾಲು ಚಾಚಿ ಮಲಗುವಷ್ಟು ಜಾಗ. ಇಂಥದ್ದು ಊರಿಗೆಲ್ಲ ಒಂದೇ ಕಣೇ ಅಂದ. ಊರಿಗೆಲ್ಲ ಒಂದೇ ಇರುವುದಕ್ಕೆ ಕಾರಣವೂ ಇತ್ತು: ಉಳಿದವರಿಗೆ ಬುದ್ಧಿಯಿತ್ತು.

ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರವಿತ್ತು. ಕಿಟಕಿಯಿಂದ ಬೆಳಗಿನ ಬೆಳಕು ಸೂಜಿಯ ಮೇಲೇ ಬೀಳುತ್ತಿತ್ತು. ಆ ಗೋಡೆ ಒಡೆದು ಶೆಡ್ಡು ಮಾಡಿದ. ಯಂತ್ರ ಓಣಿಯಂಥ ಹಜಾರದ ಮೂಲೆಗೆ ಹೋಯಿತು, ಹಗಲೂ ದೀಪ ಬೇಕು. ಇಷ್ಟೆಲ್ಲ ಆಗಿ ಅವನು ಕಚೇರಿಗೆ ಹೋಗುತ್ತಿದ್ದದ್ದು ಮಾತ್ರ ಕೊನೆಯವರೆಗೂ ಸೈಕಲ್ಲಿನಲ್ಲೇ. ಕಾರು ಯಾವಾಗಲೂ ರಿಪೇರಿಯಲ್ಲಿರುತ್ತಿತ್ತು.

ಬಸುರಿಯಾಗಿದ್ದಾಗ ಒಂದು ಬೆಳಗ್ಗೆ ನೋವು ಬಂತು. ಆಸ್ಪತ್ರೆಗೆ ಒಯ್ಯುವುದಕ್ಕೆಂದೇ ಅವನು ಕಾರನ್ನು ವಾರದಿಂದ ಸಜ್ಜು ಮಾಡಿದ್ದ. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಗೇಟಿನವರೆಗೆ ತಂದ. ಅಲ್ಲಿ ಗೇರಿನ ಕಡ್ಡಿ ಬುಡಸಮೇತ ಅವನ ಕೈಗೆ ಬಂತು. ಅವನು ಕಡ್ಡಿಯನ್ನು ನೋಡಿದ, ಅವಳನ್ನಲ್ಲ. ಒಂದೇ ನಿಮಿಷ ಅಂದವನು, ಮುಂದಿನ ಸೀಟಿನ ಮೇಲೆ ಕಾಲು ಹಾಕಿ, ತಲೆಯನ್ನು ಎಂಜಿನ್ನಿನ ಕಡೆಗೆ ಕೆಳಗೆ ತೂರಿಸಿ ಅಂಗಾತ ಮಲಗಿಬಿಟ್ಟ. ಹಿಂದೆ ಅವಳು ನೋವು ತಿನ್ನುತ್ತಿದ್ದಳು, ಮುಂದೆ ಅವನ ಎರಡು ಪಾದ ಅಲ್ಲಾಡುತ್ತಿದ್ದವು. ಕೊನೆಗೆ ಆ ದಾರಿಯಲ್ಲಿ ಬಂದ ಹಾಲಿನ ವ್ಯಾನಿನವನು ಖಾಲಿ ಕ್ಯಾನುಗಳ ನಡುವೆ ಅವಳನ್ನು ಕೂರಿಸಿಕೊಂಡು ಹೋದ.

ಗಂಡ ಬಂದದ್ದು ಮರುದಿನ. ಮುಖ ಅರಳಿತ್ತು. ತೊಟ್ಟಿಲಲ್ಲಿದ್ದ ಮಗಳನ್ನು ನೋಡುವ ಮೊದಲೇ ಹೇಳಿದ: "ಕೂತ್ಕೊಳ್ತು ಕಣೇ. ಕಚ್ಚು ನನ್ನ ಕಡೆ ಮಾಡಿ ಒತ್ತಿದೆ ನೋಡು, ಬೆಣ್ಣೆ ಹಾಗೆ ಕೂತ್ಕೊಳ್ತು." ಆಮೇಲೆ ಮಗುವಿನ ಕೆನ್ನೆ ಸವರಿದ. ಕೆನ್ನೆಯ ಮೇಲೆ ಕಪ್ಪು ಗೆರೆ ಬಿತ್ತು. ನರ್ಸು ಬೈದಳು, ಅವನು ನಕ್ಕ.

ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಅವತ್ತು ಹುಟ್ಟಿದ್ದು ಮಗಳೊಬ್ಬಳೇ ಅಲ್ಲ. ಹೇಸಿಗೆಯೂ ಹುಟ್ಟಿತು, ಮಗಳ ಜೊತೆಜೊತೆಗೇ ಬೆಳೆಯಿತು.

*

ಜನ ಬರತೊಡಗಿದರು. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮುಖ ಸಣ್ಣದು ಮಾಡಿಕೊಂಡು, ಹೂವಿಟ್ಟು, ಅವಳ ಪಕ್ಕದಲ್ಲಿ ಕೂತು, ಎಲ್ಲರೂ ಒಂದೇ ಪ್ರಶ್ನೆ ಕೇಳಿದರು. ಕೊನೆಗೆ ಏನಾದ್ರೂ ಅಂದ್ರಾ? ನೀರಿನ ಕಚೇರಿಯವರು ಕೇಳಿದರು. ಅವಳ ಕೈಲಿ ಬಟ್ಟೆ ಹೊಲಿಸುವ ಹೆಂಗಸರು ಕೇಳಿದರು. ಪಕ್ಕದ ಮನೆಯಾಕೆಯಂತೂ ಎರಡು ಸಲ ಕೇಳಿದಳು, ಮೊದಲನೆಯ ಸಲ ಉತ್ತರ ಸಾಕಾಗಲಿಲ್ಲವೇನೋ. ಏನೂ ಇಲ್ಲ, ಏನೂ ಅನ್ನಲಿಲ್ಲ ಎಂದು ಅವಳು ಹೇಳಿ ಹೇಳಿ ಬಾಯಿ ಒಣಗಿತು. ಪಕ್ಕದ ಮನೆಯಾಕೆ ತಾನೇ ಒಂದು ಉತ್ತರ ಕಟ್ಟಿಕೊಂಡು, ಕೊನೇ ಉಸಿರಲ್ಲೂ ಹೆಂಡತಿ ಹೆಸರೇ ಹೇಳಿರ್ತಾರೆ ಪಾಪ, ಎಂದು ಆಚೆ ಹೋಗಿ ನಾಲ್ಕು ಜನಕ್ಕೆ ಹಂಚಿದಳು.

ಹೂವಿಟ್ಟ ಗಂಡಸರು ಒಬ್ಬೊಬ್ಬರಾಗಿ ಶೆಡ್ಡಿನ ಕಡೆಗೆ ಜಾರುತ್ತಿದ್ದರು. ಹೆಣಕ್ಕೆ ಕೈಮುಗಿದು ಎದ್ದವನು, ಅಲ್ಲೇನೋ ಸದ್ದಲ್ಲ ಎಂದು ಕತ್ತು ಚಾಚುವನು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ಇಲ್ಲ. ಸ್ವಲ್ಪ ಹೊತ್ತಿಗೆ ಹಜಾರದಲ್ಲಿ ಉಳಿದವರು ಅವಳು, ಅವನು ಮತ್ತು ನೊಣಗಳು. ಅವಳು ಬೀಸಣಿಗೆಯಿಂದ ನೊಣ ಓಡಿಸಿದಳು. ಓಡಿಸಿ ಓಡಿಸಿ ಸಾಕಾಗಿ, ಎದ್ದು ಶೆಡ್ಡಿನ ಬಾಗಿಲಿಗೆ ಬಂದು ನಿಂತಳು.

ಒಳಗೆ ಸಂತೆಯೇ ನೆರೆದಿತ್ತು. ನೀರಿನ ಕಚೇರಿಯ ಸಾಹೇಬರು ಮಂಡಿಯೂರಿ ಟೈರಿನ ಹಿಂದೆ ಕೈಯಾಡಿಸುತ್ತಿದ್ದರು. ಇಬ್ಬರು ಕಾರಿನಡಿಯಲ್ಲಿ ಮಲಗಿದ್ದರು, ಹೊರಗೆ ಕಾಣುತ್ತಿದ್ದದ್ದು ಅವರ ಸಾವಿನ ಮನೆಯ ಬಿಳಿ ಪ್ಯಾಂಟುಗಳು. ಬಟ್ಟಲನ್ನು ಎಂದೂ ಕಣ್ಣಲ್ಲಿ ಕಾಣದವರು ಅದು ಇಂಥಲ್ಲೇ ಇರಬೇಕು ಎಂದು ವಾದ ಮಾಡುತ್ತಿದ್ದರು. ಯಾರೋ ಅವಳ ಹೊಲಿಗೆಯ ತುಂಡುಬಟ್ಟೆಗಳ ಗಂಟು ಬಿಚ್ಚಿ, ಒಳ್ಳೆಯ ರೇಷ್ಮೆ ತುಂಡಿನಲ್ಲಿ ಕೈ ಒರೆಸಿ ಎಸೆದಿದ್ದರು. ಟೀ ಕಪ್ಪಿನ ಸಾಸರುಗಳಲ್ಲಿ ಸಿಗರೇಟು ಆರಿಸಿದ್ದರು. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ ಎನ್ನುವ ಮಾತು ನೆನಪಾಗಿ, ಇವರಿಗೆ ಅದೂ ಕಡಿಮೆಯೇ ಅನ್ನಿಸಿತು.

ಪೋಸ್ಟ್‌ಮಾಸ್ಟರು ಸ್ಟೂಲಿನ ಮೇಲೆ ಕೂತು ಗೆಳೆಯನ ಗುಣಗಾನ ನಡೆಸಿದ್ದರು. ಮಗಳು ಹುಟ್ಟಿದ ದಿನದ ಕತೆ ಹೇಳುತ್ತಿದ್ದರು. ಹೆಂಡತಿಗೆ ಹೆರಿಗೆ ನೋವು, ಇವನಿಗೆ ಗೇರಿನ ನೋವು, ಇಬ್ಬರಿಗೂ ಒಂದೇ ದಿನ ಬಿಡುಗಡೆಯಾಯಿತು ಎಂದರು. ಕಾರಿನಡಿಯಲ್ಲಿದ್ದವರೂ ನಕ್ಕರು. ನಿಷ್ಠೆ ಅಂದರೆ ಅದು, ಈಗಿನವರಲ್ಲಿ ಎಲ್ಲಿದೆ ಅಂಥ ನಿಷ್ಠೆ ಎಂದು ಸಾಹೇಬರು ತಲೆದೂಗಿದರು. ಪಕ್ಕದಲ್ಲಿ ನಿಂತಿದ್ದ ಮಗಳೂ ತುಟಿಯಲ್ಲೇ ನಕ್ಕಳು. ಅವಳಿಗೆ ಆ ಕತೆ ಗೊತ್ತಿದ್ದದ್ದು ತಮಾಷೆಯಾಗಿಯೇ.

ಬಾಗಿಲಲ್ಲಿ ತಾಯಿಯನ್ನು ಕಂಡು ನಗು ನಿಂತಿತು. ಹಾರನ್ ಸಾಧ್ಯವಾದಷ್ಟು ತಗ್ಗಿದ ದನಿಯಲ್ಲಿ, ಪಕ್ಕದ ಮನೆಯವರ ಟೀ ಬಿಸಿನೀರಿದ್ದ ಹಾಗಿದೆ, ಭಾನುವಾರದ ನಿಮ್ಮ ಕೈ ಟೀ ನೆನಪಾಯ್ತು ಅತ್ತಿಗೆ ಎಂದ. ಅವನಿಗೆ ಅದು ಸಂತಾಪದ ಮಾತು. ಅವಳು ಬಾಯಿ ತೆರೆದರೆ ಏನು ಹೊರಬೀಳುತ್ತದೋ ಎಂದು ಹೆದರಿ ಒಳಗೆ ಬಂದುಬಿಟ್ಟಳು. ಥೂ ನಿಮ್ಮ ಜನ್ಮಕ್ಕಿಷ್ಟು ಎಂದು ಹಜಾರದಲ್ಲಿ ಹೆಣಕ್ಕೆ ಹೇಳಿದಳು, ಅವರಿಗೂ ಅವನಿಗೂ ಸೇರಿಸಿ.

*

ನಿನ್ನೆ ಸಂಜೆ ಅವನು ಟಾರ್ಚು ಹಿಡಿಯಲು ಕರೆದಿದ್ದ. ಕರೆದಾಗಲೆಲ್ಲ ಹೋಗಿದ್ದಾಳೆ. ಅವಳು ಹಿಂದಿನ ಸೀಟಿನಲ್ಲಿ ಕೂತು, ಮುಂದಿನ ಎರಡು ಸೀಟುಗಳ ನಡುವಿನಿಂದ ಕೈ ಚಾಚಿ ಬೆಳಕು ಬಿಡಬೇಕು. ಅವನು ಎಂದಿನಂತೆ ತಲೆ ಕೆಳಗೆ, ಕಾಲು ಮೇಲೆ. ಬೆಳಕು ಬೀಳುತ್ತಿದ್ದದ್ದು ಗೇರಿನ ಗುಂಡಿಯ ಮೇಲೆ ಮತ್ತು ಅವನ ಎರಡು ಕೈಗಳ ಮೇಲೆ ಮಾತ್ರ. ಮುಖ ಕತ್ತಲಲ್ಲಿ. ಅವಳ ಲೆಕ್ಕದಲ್ಲಿ ದಾಂಪತ್ಯ ಅಂದರೆ ಹೆಚ್ಚುಕಡಿಮೆ ಅದೇ ನೋಟ.

ಅವನು ಗೊಣಗುತ್ತಿದ್ದ. ಕಚ್ಚು ನನ್ನ ಕಡೆ, ಕಚ್ಚು ನನ್ನ ಕಡೆ. ಎರಡು ಸಲ ಸ್ಪ್ರಿಂಗು ಚಿಮ್ಮಿತು. ಅವಳ ತೋಳು ಸೋತು ಬೆಳಕು ಒಂದಿಷ್ಟು ಸರಿಯಿತು.

"ಅಲ್ಲಾಡಿಸ್ಬೇಡ. ಎಷ್ಟು ಸಲ ಹೇಳ್ಬೇಕು ನಿಂಗೆ."

ಅವಳು ಹಲ್ಲು ಕಚ್ಚಿ ಕೈಯನ್ನು ಕಲ್ಲು ಮಾಡಿಕೊಂಡಳು. ಅವನ ಕೈ ಮುಷ್ಟಿಯಾಯಿತು, ನಿಂತಿತು. ಗೊಣಗಾಟವೂ ನಿಂತಿತು. ಈ ಸಲ ಕೂತಿತೇನೋ, ಉಸಿರು ಬಿಗಿಹಿಡಿದು ಒತ್ತುತ್ತಿದ್ದಾನೇನೋ ಅಂದುಕೊಂಡಳು. ಬೆಳಕು ಒಂದು ಕೂದಲೆಳೆಯೂ ಕದಲದಂತೆ ಹಿಡಿದಳು. ತೋಳು ಮರಗಟ್ಟಿತು, ಇನ್ನೊಂದು ಕೈಯನ್ನು ಆಸರೆ ಕೊಟ್ಟು ಹಿಡಿದಳು. ಇಷ್ಟು ಹೊತ್ತು ಬೈಯದೆ ಇದ್ದಾನಲ್ಲ ಎಂದು ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು. ಸಂತೋಷ! ಸತ್ತವನಿಗೆ ಬೆಳಕು ಹಿಡಿದುಕೊಂಡು, ಅವನು ಮೆಚ್ಚಿದ ಎಂದು ಅವಳು ಸಂತೋಷಪಟ್ಟಳು.

ಒಲೆಯ ಮೇಲಿದ್ದದ್ದು ಸೀದು ಹೋದ ವಾಸನೆ ಬಂದಾಗ ಮಾತ್ರ, ಆಯ್ತೇನ್ರೀ ಎಂದು ಕೇಳಿದಳು.

*

ಹಜಾರದ ಮೂಲೆಯಲ್ಲಿ ಹೊಲಿಗೆ ಯಂತ್ರದ ಡ್ರಾಯರು ತೆರೆದಿತ್ತು. ಅವಳು ಅದನ್ನು ನೋಡುವಷ್ಟರಲ್ಲಿ ಲೇತಿನವನು ಬೆವರು ಒರೆಸಿಕೊಳ್ಳುತ್ತಾ ಬಂದ. ಬಟ್ಟಲು ಸಿಗಲಿಲ್ಲ, ಆದರೆ ಬಟ್ಟಲಿಲ್ಲ ಅಂತ ಕೆಲಸ ನಿಲ್ಲಿಸುವ ಗಂಡು ತಾನಲ್ಲ ಎಂದ. ಅಂಗೈ ತೆರೆದು ತೋರಿಸಿದ.

ಹಿತ್ತಾಳೆಯ ಚೂರು. ಮೇಲೆ ಸಣ್ಣ ಸಣ್ಣ ಚುಕ್ಕೆಗಳು. ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ, ಆಮೇಲೆ ಆಯಿತು. ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಅವಳ ಟೋಪಿ. ಹುಡುಗಿಯಾಗಿದ್ದಾಗ ಸೂಜಿ ಹಿಡಿದ ದಿನದಿಂದ ಅವಳ ಬೆರಳಿಗೆ ಕೂತು ಸವೆದ ಟೋಪಿ. ಅರ್ಧಕ್ಕೆ ಗರಗಸ ಹಾಕಿ, ತಲೆ ಹಾರಿಸಿ, ಅಂಚಿಗೆ ಒಂದು ಕಚ್ಚು ಕೊಯ್ದಿದ್ದ.

"ಅಳತೆ ಸಾಕ್ಷಾತ್ ಅದೇ ಅತ್ತಿಗೆ. ದೇವರೇ ಇಟ್ಟ ಹಾಗಿತ್ತು ಡ್ರಾಯರಲ್ಲಿ."

"ಕೇಳ್ಬೇಕಿತ್ತು."

"ಒಂದು ಟೋಪಿ ತಾನೇ. ಹೊಸದು ತಂದ್ಕೊಡ್ತೀನಿ."

ಅವಳು ಅವನ ಮುಖ ನೋಡಿದಳು. ಕೆಟ್ಟವನಲ್ಲ. ಅದೇ ಅವಳಿಗೆ ಇನ್ನೂ ಅಸಹ್ಯವಾಯಿತು. ಕೆಟ್ಟವನಾಗಿದ್ದರೆ ಉಗಿದು ಹಗುರಾಗಬಹುದಿತ್ತು. ಇವನಿಗೆ ಆ ಚೂರಿನ ಹಿಂದೆ ಒಂದು ಬೆರಳಿತ್ತು ಎನ್ನುವುದೇ ಕಾಣಲಿಲ್ಲ. ಅವಳ ಗಂಡನಿಗೂ ಕಾಣುತ್ತಿರಲಿಲ್ಲ. ಅವನಿದ್ದಿದ್ದರೆ, ಭೇಷ್ ಎಂದು ಇವನ ಬೆನ್ನು ತಟ್ಟುತ್ತಿದ್ದ.

ಲೇತಿನವನು ಹೋದ ಮೇಲೆ ಅವಳು ಮುಷ್ಟಿ ಬಿಚ್ಚಿದಳು. ಉಕ್ಕಿನ ಬಟ್ಟಲು ಅಂಗೈಯ ಬೆವರಿನಲ್ಲಿ ಬೆಚ್ಚಗಿತ್ತು. ಇನ್ನು ಇದನ್ನು ಬಚ್ಚಿಟ್ಟು ಏನು ಸುಖ. ಗಂಡನ ಕೈಯನ್ನು ಎತ್ತಿ, ಬಟ್ಟಲನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಬಿಚ್ಚಲು ಅಷ್ಟು ಕಾಡಿದ ಬೆರಳುಗಳು ಮಡಚಲು ಒಂದಿಷ್ಟೂ ತಕರಾರು ಮಾಡಲಿಲ್ಲ.

"ತಗೊಳ್ಳಿ. ಇದನ್ನೇ ಇಟ್ಕೊಳ್ಳಿ," ಎಂದಳು. ಮೇಲೆ ಬಿಳಿ ಬಟ್ಟೆ ಎಳೆದಳು.

ಶೆಡ್ಡಿನಿಂದ ಹಾರನ್ನಿನ ದನಿ ಕೇಳುತ್ತಿತ್ತು. ಅವನು ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತು, ಬಗ್ಗಿ, ಹಿತ್ತಾಳೆಯ ಚೂರನ್ನು ಗುಂಡಿಗೆ ಇಳಿಸುತ್ತಿದ್ದ. ಕಚ್ಚು ನನ್ನ ಕಡೆ ಅಂತಿದ್ದ ಕಣ್ರೋ, ಯಾವಾಗಲೂ ಅದೇ ಮಂತ್ರ, ಎಂದು ಉಳಿದವರಿಗೆ ಹೇಳಿ, ಕಚ್ಚನ್ನು ತನ್ನ ಕಡೆಗೆ, ಅಂದರೆ ಸೀಟಿನ ಕಡೆಗೆ ತಿರುಗಿಸಿದ. ಪೋಸ್ಟ್‌ಮಾಸ್ಟರೂ ಲೇತಿನವನೂ ಹೌದು ಹೌದು ಎಂದರು. ಮೂವರೂ ಎಷ್ಟೋ ಭಾನುವಾರ ಆ ಮಾತು ಕೇಳಿದ್ದರು, ಕಾರಿನ ಹೊರಗೆ ಟೀ ಕುಡಿಯುತ್ತಾ. ಅದನ್ನು ಹೇಳುವವನು ಒಳಗೆ ಎಂಜಿನ್ನಿನ ಕಡೆಗೆ ತಲೆ ಹಾಕಿ ಮಲಗಿರುತ್ತಿದ್ದ, ಅವನ ಕಡೆ ಅಂದರೆ ಎಂಜಿನ್ನಿನ ಕಡೆ ಎನ್ನುವುದು ಒಬ್ಬನಿಗೂ ನೆನಪಾಗಲಿಲ್ಲ. ಅದು ಗೊತ್ತಿದ್ದದ್ದು ಟಾರ್ಚು ಹಿಡಿದವಳಿಗೆ. ಅವಳು ಹಜಾರದಲ್ಲಿ ಕೂತು ಕೇಳಿಸಿಕೊಂಡಳು. ಬೀಸಣಿಗೆ ಎತ್ತಿ ನೊಣ ಓಡಿಸಿದಳು.

ಕಡ್ಡಿ ಕೂತಿತು. ಎಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಶೆಡ್ಡಿನಿಂದ ಹೊರಬರಲು ಮೊದಲು ಹಿಂದಕ್ಕೇ ಹೋಗಬೇಕು. ರಿವರ್ಸ್ ಗೇರು ಖಟ್ ಎಂದು ಬಿತ್ತು, ಕಾರು ನಾಚಿಕೊಂಡು ಹೊರಟ ಹಾಗೆ ಮೆಲ್ಲಗೆ ಹಿಂದೆ ಸರಿದು ರಸ್ತೆಗಿಳಿದು, ಸ್ಮಶಾನದ ಕಡೆಗೆ ಬಾಲ ತಿರುಗಿಸಿ ನಿಂತಿತು. ನೆರೆದವರು ಚಪ್ಪಾಳೆ ಹೊಡೆದರು. ಸಾವಿನ ಮನೆಯ ಮುಂದೆ ಚಪ್ಪಾಳೆ. ಹೊಡೆದ ಮೇಲೆ ಯಾರಿಗೋ ನೆನಪಾಗಿ ಕೈ ಕಟ್ಟಿಕೊಂಡರು.

ಹೆಣವನ್ನು ಎತ್ತಿ ತಂದು ಹಿಂದಿನ ಬಾಗಿಲಿನಿಂದ ಒಳಗೆ ಮಲಗಿಸಿದರು. ಎತ್ತಿದವರ ಕೈಯ ಕಪ್ಪು ಬಿಳಿ ಬಟ್ಟೆಯ ತುಂಬ ಅಚ್ಚೊತ್ತಿತು. ಅವಳು ಬೆಳಗಿನಿಂದ ತಿಕ್ಕಿದ್ದೆಲ್ಲ ನೀರಿನಲ್ಲಿ ಹೋಮವಾಯಿತು. ಹಾರನ್ ಗೌರವಕ್ಕೆಂದು ಹಾಡಹಗಲಿನಲ್ಲೇ ಮುಂದಿನ ದೀಪಗಳನ್ನು ಹಾಕಿದ. ಮೊದಲನೆಯ ಗೇರಿಗೆ ಕಡ್ಡಿ ತಳ್ಳಿದ. ತಳ್ಳಿದ, ಎಳೆದ, ಬೆವರಿದ. ಕಡ್ಡಿ ಎಲ್ಲಿಂದ ಹೊರಟರೂ ತಿರುಗಿ ಒಂದೇ ಮೂಲೆಗೆ ಬಂದು ಕೂರುತ್ತಿತ್ತು. ಕ್ಲಚ್ಚು ಬಿಟ್ಟಾಗಲೆಲ್ಲ ಕಾರು ಒಂದು ಗೇಣು ಹಿಂದಕ್ಕೆ ಹೋಯಿತು. ಮುಂದಕ್ಕೆ ಮಾತ್ರ ಒಲ್ಲೆ ಎಂದಿತು.

ಹತ್ತು ಜನ ಹತ್ತು ಮಾತು. ಬಿಚ್ಚಿ ಮತ್ತೆ ಕೂರಿಸೋಣ ಎಂದ ಲೇತಿನವನು. ಬಿಚ್ಚಿದರೆ ಮತ್ತೊಂದು ಬೆಳಗು ಬೇಕು, ಸ್ಮಶಾನದ ಗೇಟು ಮಧ್ಯಾಹ್ನಕ್ಕೆ ಮುಚ್ಚುತ್ತದೆ ಎಂದರು ಪೋಸ್ಟ್‌ಮಾಸ್ಟರು. ಅದೊಂದು ಬಟ್ಟಲು ಸಿಕ್ಕಿದ್ದರೆ ಎಂದು ಹಾರನ್ ಹಣೆ ಚಚ್ಚಿಕೊಂಡ. ಬಟ್ಟಲು ಅವನ ಸೀಟಿನ ಹಿಂದೆ, ಬಿಳಿ ಬಟ್ಟೆಯ ಕೆಳಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ರಸ್ತೆಯ ಎರಡೂ ಕಡೆ ಕಿಟಕಿಗಳು ತೆರೆದವು. ಯಾರೋ ನಗು ತಡೆಯಲು ಕೆಮ್ಮಿದರು.

ಮಗಳ ಮುಖ ಕೆಂಪಾಗಿತ್ತು. ಅವಳು ಬಂದು ತಾಯಿಯ ತೋಳು ಹಿಡಿದಳು.

"ಅಮ್ಮ, ನೀನು ಹೇಳಿದ್ದೇ ಸರಿ. ವ್ಯಾನಿಗೆ ಫೋನ್ ಮಾಡ್ತೀನಿ. ಈ ಅವಮಾನ ಬೇಡ."

ಎಲ್ಲರೂ ಅವಳನ್ನು ನೋಡಿದರು. ಬೆಳಗಿನಿಂದ ಮೊದಲ ಬಾರಿಗೆ ಅವಳನ್ನು ಒಂದು ಮಾತು ಕೇಳಲಾಗಿತ್ತು. ಅವಳಿಗೆ ಬೇಕಿದ್ದದ್ದು ಬಾಗಿಲವರೆಗೆ ಬಂದು ನಿಂತಿತ್ತು. ಹೂಂ ಅಂದರೆ ಸಾಕು, ವ್ಯಾನು ಬರುತ್ತದೆ, ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಜಾಗ ಸಿಗುತ್ತದೆ. ಆದರೆ ಆಮೇಲೆ ಈ ಕಾರನ್ನು ಇವರೆಲ್ಲ ಸೇರಿ ಶೆಡ್ಡಿಗೆ ತಳ್ಳುತ್ತಾರೆ. ಹಳೇ ಬೆಡ್‌ಶೀಟು ಹೊದಿಸುತ್ತಾರೆ. ಭಾನುವಾರ ಬಂದು ಬಟ್ಟಲು ಹುಡುಕುತ್ತಾರೆ, ಟೀ ಕೇಳುತ್ತಾರೆ. ಅವನ ನೆನಪಿಗಾಗಿ ಎನ್ನುತ್ತಾರೆ.

ಎಷ್ಟು ಸಲ ಇದು ರಸ್ತೆಯಲ್ಲಿ ಕೈಕೊಟ್ಟಾಗ ಅವಳು ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಕೂತಿಲ್ಲ. ಮುಚ್ಚಿಕೊಳ್ಳಬೇಕಾದವಳು ತಾನಲ್ಲ ಎಂದು ಅವಳಿಗೆ ಇವತ್ತು ಅನ್ನಿಸಿತು. ನೋಡಲಿ ಊರು. ಹೇಗಿತ್ತು ಅಂತ ಒಂದು ಸಲ ಎಲ್ಲರೂ ಕಣ್ಣುಬಿಟ್ಟು ನೋಡಲಿ.

"ವ್ಯಾನು ಬೇಡ," ಎಂದಳು. "ಹಿಂದಕ್ಕೇ ಹೋಗ್ಲಿ."

"ಅತ್ತಿಗೆ, ಅಷ್ಟು ದೂರ ರಿವರ್ಸಲ್ಲಿ..."

"ಹೋಗುತ್ತಲ್ಲ? ಹೋಗ್ಲಿ. ಅವರ ಗಾಡೀಲೇ ಹೋಗ್ಬೇಕು ಅಂದ್ರಿ. ನಡೀರಿ."

ಹಾರನ್ ಸ್ಟೀರಿಂಗ್ ಹಿಡಿದ, ಉಳಿದಿಬ್ಬರು ಅವನ ಪಕ್ಕ ಹತ್ತಿ ಕೂತರು. ಮಗಳು ಅಭ್ಯಾಸಬಲದಿಂದ ತಾಯಿಗೆ ಕಾರಿನ ಬಾಗಿಲು ತೆರೆದಳು. ಅವಳು ಅದನ್ನು ಮುಚ್ಚಿ, ಬಾನೆಟ್ಟಿನ ಮುಂದೆ ಬಂದು ರಸ್ತೆಯ ನಡುವೆ ನಿಂತಳು. ಬಂದವರೆಲ್ಲ ಅವಳ ಹಿಂದೆ ಸೇರಿದರು.

ಕಾರು ಹೊರಟಿತು. ಹಾರನ್ ಸೀಟಿನ ಮೇಲೆ ತೋಳು ಹಾಕಿ, ಕತ್ತು ಹಿಂದೆ ತಿರುಗಿಸಿ, ಹೆಣದ ಆಚೆ ರಸ್ತೆ ನೋಡುತ್ತಿದ್ದ. ಪಕ್ಕದಲ್ಲಿದ್ದ ಪೋಸ್ಟ್‌ಮಾಸ್ಟರು ಹಿಂದೆ ತಿರುಗಿದ್ದರು, ಲೇತಿನವನೂ ತಿರುಗಿದ್ದ. ಅವಳ ಕಡೆಗೆ ಮುಖ ಮಾಡಿಕೊಂಡಿದ್ದದ್ದು ಕಾರು ಒಂದೇ. ಬಿಸಿಲಿನಲ್ಲಿ ಎರಡು ದುಂಡು ದೀಪ ಮಂಕಾಗಿ ಉರಿಯುತ್ತಿದ್ದವು. ಅವಳು ಒಂದು ಹೆಜ್ಜೆ ಮುಂದಿಟ್ಟಳು, ಕಾರು ಒಂದು ಹೆಜ್ಜೆ ಹಿಂದೆ ಹೋಯಿತು. ಇನ್ನೊಂದು ಇಟ್ಟಳು, ಅದೂ ಇನ್ನೊಂದು ಸರಿಯಿತು. ಕಿಟಕಿಗಳಲ್ಲಿ ಜನ ನೋಡುತ್ತಿದ್ದರು. ಅವಳು ತಲೆ ತಗ್ಗಿಸದೆ ನಡೆದಳು, ಅದು ಅವಳೆದುರು ಹಿಂದೆ ಹಿಂದೆ ಹೋಗುತ್ತಲೇ ಇತ್ತು.